ಮುಕ್ತ ಸಂಶೋಧನೆಯೂ ಗ್ರಂಥಭಂಡಾರದ ಹೊಣೆಯೂ

ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಜೈನರ ಪ್ರಾಚೀನ ಕ್ಷೇತ್ರ. 'ರಾಜಾವಳೀ ಕಥಾಸಾರ'ದ ಕರ್ತೃವಾದ ದೇವಚಂದ್ರನು ಇಲ್ಲಿಯವನು. 1804ರಲ್ಲಿ ಕಾಲಿನ್ ಮೆಕೆಂಜಿಯು ಈ ಪ್ರಾಂತಕ್ಕೆ ಬಂದಾಗ ಐತಿಹ್ಯಗಳ ಸಂಗ್ರಹದಲ್ಲಿ ಅವನಿಗೆ ನೆರವಾದವನು ಈ ಕವಿಯೇ. 1821ರಲ್ಲಿ ಮೆಕೆಂಜಿಯು ತೀರಿಕೊಂಡ ಬಳಿಕ ಅವನ ಸಂಗ್ರಹವು ಹಂಚಿಹೋಯಿತು. ಅದರ ಭಾಗಗಳು ಇಂದು ಲಂಡನ್ ಹಾಗೂ ಚೆನ್ನೈಗಳಲ್ಲಿವೆ. ತನ್ನ ಸೀಮೆಯ ಇತಿಹಾಸವನ್ನರಸುವವನು ದೂರದ ಭಂಡಾರಗಳನ್ನು ಆಶ್ರಯಿಸಬೇಕಾಯಿತು.

ಇಂತಹ ತೊಡಕಿಗೆ ಪರಿಹಾರವೆಂದು ಬಂದುದು ಅಂತರಜಾಲದ ಮುಕ್ತ ಹಂಚಿಕೆ. ವಿಜ್ಞಾನಕ್ಷೇತ್ರದಲ್ಲಿ ಸಂಶೋಧಕನು ಸಾಮಾನ್ಯವಾಗಿ ಸಂಭಾವನೆಯಿಲ್ಲದೆ ಲೇಖನವನ್ನು ನೀಡುತ್ತಾನೆ. ಅದನ್ನು ಓದಿಸಲು ಗ್ರಂಥಾಲಯವು ಪತ್ರಿಕೆಗೆ ಭಾರಿ ಚಂದಾ ತೆರಬೇಕಾಗುತ್ತದೆ. 2002ರ ಬುಡಾಪೆಸ್ಟ್ ಘೋಷಣೆಯು ಎರಡು ಮಾರ್ಗಗಳನ್ನು ಸೂಚಿಸಿತು. ಲೇಖಕನು ತನ್ನ ಬರಹದ ಪ್ರತಿಯನ್ನು ಸಾರ್ವಜನಿಕ ಭಂಡಾರದಲ್ಲಿ ಇರಿಸುವುದು ಒಂದು. ಪತ್ರಿಕೆಯೇ ಓದುಗನಿಂದ ಶುಲ್ಕ ಪಡೆಯದಿರುವುದು ಇನ್ನೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದೇ ವರ್ಷ ಮೊದಲನೆಯ ಬಗೆಯ ಭಂಡಾರವನ್ನು ತೆರೆಯಿತು. ಶಾಸ್ತ್ರದಾನವನ್ನು ಬಲ್ಲ ಜೈನ ಪರಂಪರೆಗೆ ಈ ಆಶಯ ಅಪರಿಚಿತವಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕೀರ್ತಿ ಅತ್ತಿಮಬ್ಬೆಯದು.

ಎಲ್ಲವೂ ಮನೆಯಲ್ಲಿಯೇ ದೊರೆತರೆ ಗ್ರಂಥಾಲಯವೇಕೆ ಎಂಬ ಪ್ರಶ್ನೆ ಸಹಜ. ಒಂದು ಉದಾಹರಣೆಯನ್ನು ಗಮನಿಸಬಹುದು. ಬಿ. ಎಲ್. ರೈಸರ 'ಎಪಿಗ್ರಾಫಿಯ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ (1898) ಚಾಮರಾಜನಗರ, ಗುಂಡ್ಲುಪೇಟೆ ಈ ಎರಡೂ ತಾಲ್ಲೂಕುಗಳ ಶಾಸನಗಳಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಗುಂಡ್ಲುಪೇಟೆಯವು ಮೂರನೆಯ ಸಂಪುಟಕ್ಕೆ (1974) ಸರಿದಿವೆ. ಚಾಮರಾಜನಗರದವು ನಾಲ್ಕನೆಯದರಲ್ಲಿಯೇ (1975) ಉಳಿದಿವೆ. ರೈಸರ ಸಂಪುಟವು ಅಂತರಜಾಲದಲ್ಲಿ ಯಾರಿಗೂ ಲಭ್ಯ. ಆವೃತ್ತಿಯನ್ನು ಹೇಳದೆ 'ನಾಲ್ಕನೆಯ ಸಂಪುಟ' ಎಂದಷ್ಟೇ ಉಲ್ಲೇಖಿಸಿದರೆ, ಪರಿಷ್ಕೃತ ಸಂಪುಟವನ್ನು ತೆರೆದವನಿಗೆ ಗುಂಡ್ಲುಪೇಟೆಯ ಶಾಸನ ಸಿಗದು. ಸುಲಭವಾಗಿ ದೊರೆತ ಪಾಠವೇ ಪರಿಷ್ಕೃತ ಪಾಠವೆಂಬ ಭ್ರಮೆಯೂ ಉಂಟಾದೀತು. ಆವೃತ್ತಿಗಳನ್ನು ಗುರುತಿಸಿ ಓದುಗನಿಗೆ ದಾರಿ ತೋರುವುದು ಗ್ರಂಥಪಾಲಕನ ಕೆಲಸ.

ತಾಳೆಯೋಲೆಗಳಲ್ಲಿ ಈ ಹೊಣೆ ಇನ್ನೂ ಹೆಚ್ಚು. ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಲಿಪಿ, ತ್ರುಟಿತ ಭಾಗ, ಲಿಪಿಕಾರನ ಅಂತ್ಯವಾಕ್ಯ ಇವುಗಳ ವಿವರವಿಲ್ಲದ ಛಾಯಾಚಿತ್ರವು ಸಂಶೋಧನೆಗೆ ಆಧಾರವಾಗದು.

ಹಂಚಿಕೆಯಿಂದ ಮೂಲಪ್ರತಿಯ ಗೌರವ ಕುಗ್ಗುವುದೆಂಬ ಅಂಜಿಕೆಗೆ ಮೂಡುಬಿದಿರೆಯೇ ಉತ್ತರ ನೀಡುತ್ತದೆ. ಅಲ್ಲಿಯ ಸಿದ್ಧಾಂತ ಬಸದಿಯ ಧವಲಾ ಟೀಕೆಯು ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಮುದ್ರಣಗೊಳ್ಳತೊಡಗಿತು. ಆರಂಭದ ಮುದ್ರಣಕ್ಕೆ ಆಧಾರ ನಕಲುಪ್ರತಿಗಳು. ಪಾಠಸಂದೇಹಗಳನ್ನು ನಿವಾರಿಸಲು ಮುಂದೆ ಮೂಡುಬಿದಿರೆಯ ಓಲೆಗಳನ್ನೇ ತಾಳೆ ನೋಡಬೇಕಾಯಿತು. ಪ್ರತಿಗಳು ಹರಡಿದಷ್ಟೂ ಮೂಲದ ಅಗತ್ಯ ಹೆಚ್ಚುತ್ತದೆ. ಆದುದರಿಂದ ಭಂಡಾರಗಳು ಓಲೆಗಳನ್ನು ಕಾಪಾಡುತ್ತಲೇ ಅವುಗಳ ಪ್ರತಿಗಳನ್ನು ಸವಿವರ ಸೂಚಿಯೊಡನೆ ಎಲ್ಲರಿಗೂ ಒದಗಿಸುವುದು ಯುಕ್ತ.