ಪೈನ್ ಕೊಂಬೆಗೆ ಇರುವೆ ಯಾಕೆ ಹತ್ತುತ್ತೆ?

ಪೈನ್ ಮರದಲ್ಲಿ ಮಕರಂದ ಇಲ್ಲ.
ಮತ್ತೆ ಈ ಇರುವೆಗಳು ಸಾಲುಗಟ್ಟಿ ಹತ್ತೋದು ಯಾಕೆ?

ಇದು ಯುರೋಪಿನ ಸ್ಕಾಟ್ಸ್ ಪೈನ್.
ಇರುವೆ ಹಿಂದೆಯೇ ಹೋಗೋಣ ಬನ್ನಿ.

ಕಾಣಿಸ್ತಾ?
ತೊಗಟೆಯದ್ದೇ ಕಂದು ಬಣ್ಣ.
ಉದ್ದುದ್ದ ಕಾಲು.
ಬೆನ್ನಿನ ಹಿಂಭಾಗದಲ್ಲಿ ಎರಡು ಕಪ್ಪು ಗುಬುಟು.
ಇದು ಸಿನಾರಾ, ಗಿಡಹೇನುಗಳ ಪೈಕಿ ದಢೂತಿ!

ಮರದ ರಸದಲ್ಲಿ ಸಕ್ಕರೆ ಜಾಸ್ತಿ,
ಪ್ರೋಟೀನಿಗೆ ಬೇಕಾದ್ದು ತೀರಾ ಕಮ್ಮಿ.
ಒಂದು ಚಮಚ ಬೇಳೆಗೋಸ್ಕರ
ಒಂದು ಕೊಡ ಪಾನಕ ಕುಡಿದ ಹಾಗೆ ಇದರ ಪಾಡು!

ಮಿಕ್ಕ ಸಿಹಿ ಹಿಂದಿನಿಂದ ಹನಿಯಾಗಿ ಹೊರಗೆ.
ಹೌದು, ಇರುವೆಗೆ ಬೇಕಾಗಿರೋದು ಅದೇ.

ನೋಡಿ, ಕೆಂಪು ಕಾಡಿರುವೆ
ಮೀಸೆಯಿಂದ ಮೆಲ್ಲಗೆ ತಟ್ಟುತ್ತೆ...
ಹನಿ ಬಂತು.
ಹೀರಿತು.
ಪಕ್ಕದ ಹೇನಿನ ಹತ್ತಿರ ಹೊರಟಿತು.

ಹೇನು ತಿನ್ನೋಕೆ ಲೇಡಿಬರ್ಡ್ ಬಂತೋ,
ಇದೇ ಇರುವೆ ಕಚ್ಚಿ ಓಡಿಸುತ್ತೆ.

ಇನ್ನು, ಸೂಜಿ ಎಲೆ ಮೇಲೆ
ಸಣಕಲು ಹಸಿರು ಹೇನು ಕಂಡ್ರೆ?
ಮುಟ್ಟಿದ ತಕ್ಷಣ ಓಡಿದ್ರೆ?
ಅದು ಯೂಲಾಕ್ನಸ್.
ಇರುವೆ ಅದರ ಗೊಡವೆಗೇ ಹೋಗಲ್ಲ.

ಸರಿ, ಸಿನಾರಾದಲ್ಲಿ ಇದು ಯಾವ ಪ್ರಭೇದ?
ಮೊಬೈಲ್ ಫೋಟೋ ನೋಡಿ ಹೆಸರು ಹೇಳೋರನ್ನ
ನಾನಂತೂ ನಂಬಲ್ಲ.
ಮೈಕ್ರೋಸ್ಕೋಪಿನ ಕೆಳಗಿಟ್ಟು
ಹಿಂಗಾಲಿನ ರೋಮ ಎಷ್ಟುದ್ದ ಅಂತ ನೋಡಬೇಕು.