ಓಣಿಯ ಹೆಸರು ಬಲ್ಲವನು

ಮತದಾನದ ದಿನ ಇನ್ನೂ ಬೆಳಕು ಹರಿಯುವ ಮೊದಲೇ ಬೀದರಿನ ಹಳೆಯ ಊರಿನ ಶಾಲೆಯಲ್ಲಿಯೂ ಔರಾದ ತಾಲ್ಲೂಕಿನ ತಾಂಡಾದ ಶಾಲೆಯಲ್ಲಿಯೂ ದೀಪ ಹತ್ತುತ್ತದೆ. ಮತದಾನಕ್ಕೆ ಒಂದೂವರೆ ಗಂಟೆ ಮುಂಚಿತವಾಗಿ ಯಂತ್ರದ ಪರೀಕ್ಷೆ ನಡೆಯಬೇಕು. ಕನಿಷ್ಠ 50 ಅಣಕು ಮತಗಳನ್ನು ಹಾಕಿ, ಲೆಕ್ಕ ಸರಿಹೋಯಿತೆಂದು ಕಂಡಮೇಲೆ ಅವನ್ನು ಅಳಿಸಿ ಮೊಹರು ಮಾಡುತ್ತಾರೆ. ಇದಕ್ಕೆ ಸಾಕ್ಷಿಗಳು ಗೋಡೆಯ ಬದಿಯ ಬೆಂಚಿನಲ್ಲಿ ಕುಳಿತ ಮೂರು ನಾಲ್ಕು ಮಂದಿ. ಪಕ್ಷಗಳ ಬೂತ್ ಏಜೆಂಟರು ಇವರೇ. ಅಭ್ಯರ್ಥಿಯ ಭಾವಚಿತ್ರ ಊರ ತುಂಬ ಇರುತ್ತದೆ. ಇವರ ಹೆಸರು ಪಕ್ಕದ ಓಣಿಗೂ ತಿಳಿದಿರುವುದಿಲ್ಲ.

ಇವರನ್ನು ಆರಿಸುವವರು ಯಾರು? ಪಕ್ಷಗಳ ನಿಯಮಾವಳಿಯನ್ನು ತೆರೆದರೆ ಪದಾಧಿಕಾರಿಗಳ ಚುನಾವಣೆಯ ಮಾತು ಕಾಣುತ್ತದೆ. ಆದರೆ ಕೆಳಗಿನ ಮೆಟ್ಟಿಲಿನಲ್ಲಿ ಕೈಯೆತ್ತುವ ಪ್ರಸಂಗ ಬರುವುದು ಅಪರೂಪ. ಓಣಿಯ ಹಿರಿಯರು ಒಂದೆಡೆ ಕೂಡುತ್ತಾರೆ, ಚಹಾ ಬರುತ್ತದೆ, ತಾಲ್ಲೂಕಿನ ಮುಖಂಡರು ಒಂದು ಹೆಸರು ಹೇಳುತ್ತಾರೆ, ಉಳಿದವರು ತಲೆದೂಗುತ್ತಾರೆ. ಸರ್ವಾನುಮತವೆಂದು ಬರೆದುಕೊಳ್ಳುವುದಕ್ಕೆ ಅಷ್ಟು ಸಾಕು. ಆ ಹೆಸರು ಯಾವ ಕೇರಿಯದು, ಯಾವ ಜಾತಿಯದು ಎಂಬ ಲೆಕ್ಕವೂ ಒಳಗೊಳಗೇ ನಡೆದಿರುತ್ತದೆ. ಅದನ್ನು ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ.

ಚುನಾವಣಾ ಆಯೋಗದ ಕ್ರಮ ಬೇರೆ. ಮಾನ್ಯತೆ ಪಡೆದ ಪಕ್ಷವು ಮತದಾರರ ಪಟ್ಟಿಯ ಪ್ರತಿ ಭಾಗಕ್ಕೂ ಒಬ್ಬ ಬೂತ್ ಮಟ್ಟದ ಏಜೆಂಟನನ್ನು ನೇಮಿಸಬಹುದು. ಅವನು ಸಾಮಾನ್ಯವಾಗಿ ಆ ಭಾಗದ ಮತದಾರನೇ ಆಗಿರಬೇಕು. ಸರ್ಕಾರದ ಪರವಾಗಿ ಮನೆ ಮನೆಗೆ ಬರುವ ಬೂತ್ ಮಟ್ಟದ ಅಧಿಕಾರಿಗೆ, ಅಂದರೆ ಬಹುಮಟ್ಟಿಗೆ ಶಾಲೆಯ ಶಿಕ್ಷಕರಿಗೋ ಅಂಗನವಾಡಿಯ ಕಾರ್ಯಕರ್ತೆಗೋ, ಇವನು ಜೊತೆಗಾರ. ಮತದಾನದ ದಿನ ಒಳಗೆ ಕೂರುವ ಪೋಲಿಂಗ್ ಏಜೆಂಟನನ್ನು ಅಭ್ಯರ್ಥಿಯ ಕಡೆಯವರು ಬೇರೆ ನಮೂನೆಯಲ್ಲಿ ನೇಮಿಸುತ್ತಾರೆ. ಎಷ್ಟೋ ಕಡೆ ಎರಡೂ ಕೆಲಸಕ್ಕೆ ಆಳು ಒಬ್ಬನೇ. ಆಯೋಗ ಇವನಿಗೆ ಸಂಬಳ ಕೊಡುವುದಿಲ್ಲ.

ಬೀದರ ಜಿಲ್ಲೆಯಲ್ಲಿ ಈ ಕೆಲಸಕ್ಕೆ ತನ್ನದೇ ಆದ ತೊಡಕುಗಳುಂಟು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಈ ನೆಲಕ್ಕೆ ಒಂದು ಮಗ್ಗುಲಲ್ಲಿ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಲ್ಲಿ ತೆಲಂಗಾಣ. ಭಾಲ್ಕಿಯ ಮಗಳು ಉದಗೀರಿನ ಸೊಸೆಯಾಗುತ್ತಾಳೆ. ಜಹೀರಾಬಾದಿನ ಹುಡುಗಿ ಬೀದರಿಗೆ ಬರುತ್ತಾಳೆ. ಮನೆಯಲ್ಲಿ ಮರಾಠಿಯಲ್ಲೋ ಉರ್ದುವಿನಲ್ಲೋ ಕರೆಯುವ ಹೆಸರು ಪಟ್ಟಿಯ ಕನ್ನಡಕ್ಕೆ ಇಳಿಯುವಾಗ ಅಕ್ಷರ ಜಾರುತ್ತದೆ. ಔರಾದಿನ ತಾಂಡಾಗಳಿಂದ ಕೂಲಿಗಾಗಿ ಪುಣೆ, ಮುಂಬಯಿ, ಹೈದರಾಬಾದಿಗೆ ಹೋದ ಸಂಸಾರದ ಬಾಗಿಲಿಗೆ ತಿಂಗಳುಗಟ್ಟಲೆ ಬೀಗ. ಆ ಬೀಗವನ್ನು ಕಂಡು ‘ಊರು ಬಿಟ್ಟವರು’ ಎಂದು ಬರೆಯುವುದೋ, ‘ಹಬ್ಬಕ್ಕೆ ಬರುವವರು’ ಎಂದು ಹೇಳುವುದೋ? ಒಂದು ಸಂಸಾರದ ಮತವೇ ಆ ಮಾತಿನ ಮೇಲೆ ನಿಂತಿರುತ್ತದೆ. ‘ಕಾಕಾ, ಸೊಸೀ ಹೆಸರು ಪಟ್ಟಿಯೊಳಗ ಬಂತೇನ್ರಿ?’ ಎಂದು ಕಟ್ಟೆಯ ಮೇಲೆ ಕುಳಿತು ಕೇಳಬಲ್ಲವನು ಈ ಕೆಲಸಕ್ಕೆ ಬೇಕು. ಅಂಥವನು ದೊಡ್ಡ ಭಾಷಣಕಾರನಾಗಿರಬೇಕಾಗಿಲ್ಲ.

ನೆರೆಯವರ ಬಾಳನ್ನು ಇಷ್ಟು ಬಲ್ಲವನು ಅದನ್ನು ಪಕ್ಷದ ಲಾಭಕ್ಕೆ ತಿರುಗಿಸಬಾರದೆಂದು ಕಾನೂನು ಕೆಲವು ಬೇಲಿಗಳನ್ನು ಹಾಕಿದೆ. ಏಜೆಂಟನು ದಿನಕ್ಕೆ 10ಕ್ಕಿಂತ ಹೆಚ್ಚು ಅರ್ಜಿಗಳನ್ನು ಒಟ್ಟಾಗಿ ಕೊಡುವಂತಿಲ್ಲವೆಂಬುದು ವಾಡಿಕೆಯ ನಿಯಮ. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯಲ್ಲಿ ಅದನ್ನು 50ಕ್ಕೆ ಏರಿಸಲಾಯಿತು. ವಿವರಗಳನ್ನು ತಾನೇ ಪರಿಶೀಲಿಸಿದ್ದಾಗಿ ಅವನು ಬರೆದುಕೊಡಬೇಕು. ಸುಳ್ಳು ಘೋಷಣೆಗೆ 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಒಂದು ವರ್ಷದವರೆಗಿನ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ.

ಬೇಲಿ ಇದ್ದರೂ ದನ ನುಗ್ಗುವುದುಂಟು. ಬೀದರ ಲೋಕಸಭಾ ಕ್ಷೇತ್ರಕ್ಕೇ ಸೇರಿದ, ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯುವಂತೆ ಕೋರಿ 6,018 ಅರ್ಜಿಗಳು ಬಂದವು. ಅವು ಅಂತರ್ಜಾಲದ ಮೂಲಕ ಬಂದವು. ಯಾರೂ ಯಾರ ಬಾಗಿಲನ್ನೂ ತಟ್ಟಿರಲಿಲ್ಲ. ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ನಿಜವೆಂದು ಕಂಡದ್ದು 24 ಮಾತ್ರ. ಉಳಿದ 5,994 ತಿರಸ್ಕೃತವಾದವು; ಪೋಲೀಸರಲ್ಲಿ ಮೊಕದ್ದಮೆ ದಾಖಲಾಯಿತು. ಮನೆ ಮನೆಗೆ ಹೋಗಿ ಮುಖ ನೋಡಿ ಕೇಳುವ ಹಳೆಯ ಪದ್ಧತಿಯನ್ನು ಹಳ್ಳಿಗಾಡಿನದೆಂದು ಹಳಿಯುವವರು ಈ ಅಂಕಿಗಳನ್ನು ನೋಡಬೇಕು.

ಒಂದು ಹೆಸರು ಹೋದರೆ ಏನಾದೀತು ಎನ್ನುವವರೂ ಇದ್ದಾರೆ. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಗೆಲುವಿನ ಅಂತರ ಒಂದೇ ಮತ.

ಮತದಾನದ ದಿನ ಏಜೆಂಟನ ಕೈಗೆ ಇನ್ನೊಂದು ವಿಚಿತ್ರ ಅಧಿಕಾರ ಬರುತ್ತದೆ. ಬಂದವನು ಪಟ್ಟಿಯಲ್ಲಿರುವವನಲ್ಲವೆಂದು ಅನಿಸಿದರೆ ಎರಡು ರೂಪಾಯಿ ಠೇವಣಿಯಿಟ್ಟು ಅವನು ಆಕ್ಷೇಪಿಸಬಹುದು. ಅಧಿಕಾರಿ ಅಲ್ಲಿಯೇ ವಿಚಾರಣೆ ನಡೆಸುತ್ತಾನೆ. ಆಕ್ಷೇಪ ಹುಡುಗಾಟದ್ದೆಂದು ಕಂಡರೆ ಆ ಎರಡು ರೂಪಾಯಿ ಸರ್ಕಾರದ್ದು. ದುಡ್ಡು ಅಲ್ಪ. ಆದರೆ ಮರುದಿನ ಅದೇ ಓಣಿಯ ಅದೇ ನಲ್ಲಿಯ ಬಳಿ ಇಬ್ಬರೂ ಮುಖಾಮುಖಿಯಾಗಬೇಕು. ಏಜೆಂಟನ ನಾಲಿಗೆಯನ್ನು ಕಾಯಿದೆಗಿಂತ ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಆ ನಲ್ಲಿಯೇ.

2024ರ ಮೇ 7ರಂದು ಬೀದರ ಕ್ಷೇತ್ರದಲ್ಲಿ ಮತದಾನ ನಡೆದಾಗ ಉರಿಬಿಸಿಲು. ಅಂಥ ದಿನದ ಸಂಜೆ, ಕೊನೆಯ ಮತದಾರನ ಬೆರಳಿಗೆ ಮೈಸೂರಿನ ಶಾಯಿ ಹತ್ತಿದ ಮೇಲೆ, ಯಂತ್ರದಲ್ಲಿ ದಾಖಲಾದ ಮತಗಳ ಒಟ್ಟು ಸಂಖ್ಯೆಯನ್ನು ಬರೆದ ಹಾಳೆಯೊಂದನ್ನು ಪ್ರತಿ ಏಜೆಂಟನಿಗೂ ಕೊಡುತ್ತಾರೆ. ಅವನು ಅದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಪಕ್ಷದ ಕಚೇರಿಗೆ ಹೊರಡುತ್ತಾನೆ. ಎಣಿಕೆಯ ದಿನ ಯಂತ್ರ ತೋರಿಸುವ ಲೆಕ್ಕ ಆ ಹಾಳೆಯ ಲೆಕ್ಕಕ್ಕೆ ತಾಳೆಯಾಗಬೇಕು.