ತಂಗಡಿಯ ಒಗರು, ಜೀನಿನ ತೊಗಲು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸೀಮೆಯ ಕಲ್ಲುಗುಡ್ಡಗಳ ಬುಡದಲ್ಲೂ ಬೀಳುಬಿಟ್ಟ ಹೊಲಗಳ ಬದುಗಳಲ್ಲೂ ಹಳದಿ ಹೂ ಹೊತ್ತು ನಿಲ್ಲುವ ತಂಗಡಿಯನ್ನು ಇಂದು ಬಹುಪಾಲು ಜನ ನಾಟಿ ಔಷಧದ ಗಿಡವೆಂದಷ್ಟೇ ಬಲ್ಲರು. ಆದರೆ ದಕ್ಷಿಣ ಭಾರತದ ಚರ್ಮದ ಕಸುಬು ಬಹುಕಾಲ ನೆಚ್ಚಿಕೊಂಡಿದ್ದುದು ಈ ಗಿಡದ ತೊಗಟೆಯನ್ನು. ಆವರಿಕೆ ಎಂಬ ಹೆಸರೂ ಇರುವ, ಸಸ್ಯಶಾಸ್ತ್ರಜ್ಞರು ಸೆನ್ನಾ ಆರಿಕ್ಯುಲೇಟ ಎಂದು ಕರೆಯುವ ಈ ಪೊದೆಯ ಒಣತೊಗಟೆಯ ತೂಕದಲ್ಲಿ ಸುಮಾರು ಶೇ. 18ರಷ್ಟು ಟ್ಯಾನಿನ್, ಅಂದರೆ ನಾಲಿಗೆಗೆ ಒಗರಾಗಿ ತಗಲುವ ಸಸ್ಯದ್ರವ್ಯ, ಇರುತ್ತದೆ. ಕುದುರೆಯ ಜೀನು, ಲಗಾಮು, ಸೊಂಟಪಟ್ಟಿ, ಕೈಚೀಲಗಳಿಗೆ ಬಳಸುವ ದಪ್ಪ ತೊಗಲು ಹತ್ತಾರು ವರ್ಷ ಬಾಳುವುದೋ ಎರಡೇ ವರ್ಷಕ್ಕೆ ಬಿರಿಯುವುದೋ ಎಂಬುದನ್ನು ಈ ಒಗರು ಅದರೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಹದಗೊಳ್ಳದ ಚರ್ಮದ ಸ್ವಭಾವವೇನೆಂಬುದನ್ನು ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದ ತೊಗಲುಬೊಂಬೆಗಳಲ್ಲಿ ಕಾಣಬಹುದು. ಕೂದಲು ತೆಗೆದು, ಹೆರೆದು, ಬಿಗಿದು ಒಣಗಿಸಿದ ಮೇಕೆಯ ಚರ್ಮ ಅದು. ಟ್ಯಾನಿನ್ ಸೋಕದ ಕಾರಣದಿಂದಲೇ ಅದರ ಮೂಲಕ ದೀಪದ ಬೆಳಕು ಹಾದು ಪರದೆಯ ಮೇಲೆ ಬಣ್ಣ ಮೂಡುತ್ತದೆ. ಚರ್ಮದ ಬಹುಭಾಗ ಕೊಲಾಜನ್ ಎಂಬ ಪ್ರೋಟೀನಿನಿಂದಾದುದು. ಮೂರು ಎಳೆಗಳನ್ನು ಸೇರಿಸಿ ಹೊಸೆದ ಹಗ್ಗದಂತಿರುವ ಅದರ ಅಣುಗಳು ಒಟ್ಟುಗೂಡಿ ನಾರುಗಳಾಗಿ, ಆ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಹಸಿ ಚರ್ಮ ಒಣಗುವಾಗ ನಾರುಗಳ ನಡುವಿನ ನೀರು ಹೋಗಿ, ಅವು ಒಂದಕ್ಕೊಂದು ಅಂಟಿ, ಕೊಂಬಿನಂತೆ ಗಟ್ಟಿಯಾಗಿ ಅರೆಪಾರದರ್ಶಕವಾಗುತ್ತವೆ. ಮತ್ತೆ ತೇವ ತಗಲಿದರೆ ಮೆತ್ತಗಾಗಿ ಕೊಳೆಯಲು ತೊಡಗುತ್ತವೆ. ತಮಟೆಯನ್ನು ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಕಾಯಿಸುವುದು ಗಾಳಿಯಿಂದ ಹೀರಿಕೊಂಡ ಈ ತೇವವನ್ನು ಓಡಿಸಿ ಚರ್ಮವನ್ನು ಬಿಗಿಗೊಳಿಸುವುದಕ್ಕಾಗಿ.

ಟ್ಯಾನಿನ್ ಈ ಸ್ವಭಾವವನ್ನೇ ಬದಲಿಸುತ್ತದೆ. ಅಳಲೆಕಾಯಿಯನ್ನು ಅಗಿದಾಗ ಬಾಯಿ ಒಗರಾಗುವುದು ಜೊಲ್ಲಿನ ಪ್ರೋಟೀನುಗಳನ್ನು ಟ್ಯಾನಿನ್ ಹಿಡಿದು ಗರಣೆಗಟ್ಟಿಸುವುದರಿಂದ. ಸುಣ್ಣದಲ್ಲಿ ಉಬ್ಬಿದ ಚರ್ಮವನ್ನು ತೊಗಟೆಯ ಕಷಾಯದಲ್ಲಿ ಮುಳುಗಿಸಿದಾಗ ನಡೆಯುವುದೂ ಇದೇ ಕ್ರಿಯೆ. ಟ್ಯಾನಿನ್ ಅಣುಗಳು ಕೊಲಾಜನ್ ನಾರುಗಳ ನಡುವೆ ಸೇರಿ, ಹೈಡ್ರೋಜನ್ ಬಂಧಗಳೆಂಬ ದುರ್ಬಲವಾದರೂ ಅಸಂಖ್ಯವಾದ ಹಿಡಿತಗಳಿಂದ ಅವುಗಳಿಗೆ ಅಂಟಿ, ನೀರಿದ್ದ ಜಾಗವನ್ನು ತಾವು ತುಂಬಿಕೊಳ್ಳುತ್ತವೆ. ಆಗ ಒಣಗಿದರೂ ನಾರುಗಳು ಒಂದಕ್ಕೊಂದು ಅಂಟುವುದಿಲ್ಲ, ಕೊಳೆಸುವ ಸೂಕ್ಷ್ಮಜೀವಿಗಳ ಕಿಣ್ವಗಳಿಗೆ ಸುಲಭದ ತುತ್ತಾಗುವುದೂ ಇಲ್ಲ. ಹಸಿ ಚರ್ಮ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುರುಟಿಕೊಂಡರೆ, ತೊಗಟೆಯಲ್ಲಿ ಹದಗೊಂಡ ತೊಗಲು 75-80 ಡಿಗ್ರಿಯ ಆಸುಪಾಸಿನವರೆಗೂ ತಡೆದುಕೊಳ್ಳುತ್ತದೆ.

ಈ ಸೀಮೆಯ ಹದಗಾರಿಕೆಯ ಬೆಲೆಬಾಳುವ ಹಳೆಯ ದಾಖಲೆ ಫ್ರಾನ್ಸಿಸ್ ಬುಕಾನನ್ನನದು. 1800ರಲ್ಲಿ ಬೆಂಗಳೂರು, ಚನ್ನಪಟ್ಟಣ, ಮಾಗಡಿಗಳನ್ನು ಹಾದುಹೋದ ಆತ 1807ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಮಾದಿಗ ಕಸುಬುದಾರರ ವಿಧಾನಗಳನ್ನು ಅಳತೆಸಹಿತ ಬರೆದಿಟ್ಟಿದ್ದಾನೆ. ಕುರಿ-ಮೇಕೆಯ ಚರ್ಮಕ್ಕೆ ಅವರು ಎಕ್ಕದ ಹಾಲು, ಉಪ್ಪು ಮತ್ತು ರಾಗಿಮುದ್ದೆಯನ್ನು ಕಲಸಿ ಕೂದಲಿನ ಕಡೆಗೆ ತಿಕ್ಕಿ, ಮೂರು ದಿನ ಬಿಸಿಲಿಗಿಟ್ಟು, ತೊಳೆದು ಕಲ್ಲಿನ ಮೇಲೆ ಬಡಿದು ಕೂದಲು ತೆಗೆಯುತ್ತಿದ್ದರು. ಅನಂತರ ಅಳಲೆಕಾಯಿಯ ಪುಡಿ ಬೆರೆಸಿದ ಬಿಸಿನೀರಿನಲ್ಲಿ ಮೂರು ದಿನ ನೆನೆಹಾಕುತ್ತಿದ್ದರು. ಎಕ್ಕದ ಹಾಲಿನಲ್ಲಿ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳಿವೆ, ಅವು ಕೂದಲಿನ ಬುಡವನ್ನು ಸಡಿಲಿಸುತ್ತವೆ. ಸುಣ್ಣ ಮತ್ತು ಸಲ್ಫೈಡುಗಳಿಂದಾಗುವ ಮಾಲಿನ್ಯವನ್ನು ತಗ್ಗಿಸಲು ಇಂದಿನ ಪ್ರಯೋಗಾಲಯಗಳು ಹುಡುಕುತ್ತಿರುವುದೂ ಇಂಥ ಕಿಣ್ವಗಳನ್ನೇ ಎಂಬುದನ್ನು ನೆನೆದರೆ ಆ ಕಸುಬುದಾರರ ಅರಿವಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲವೆಂದೇ ಹೇಳಬೇಕು. ಕಪ್ಪು ಬಣ್ಣಕ್ಕಾಗಿ ಹಳೆಯ ಕಬ್ಬಿಣ ಮತ್ತು ಕುಲುಮೆಯ ಕಿಟ್ಟವನ್ನು ಬಾಳೆ, ನಿಂಬೆಯ ಸಿಪ್ಪೆಗಳೊಡನೆ ರಾಗಿಗಂಜಿಯಲ್ಲಿ ಎಂಟು ದಿನ ಬಿಡುತ್ತಿದ್ದರು. ಹುಳಿತ ಗಂಜಿಯ ಆಮ್ಲದಲ್ಲಿ ಕಬ್ಬಿಣ ಕರಗಿ, ಹದಗೊಂಡ ತೊಗಲಿಗೆ ಹಚ್ಚಿದೊಡನೆ ಅದರೊಳಗಿನ ಟ್ಯಾನಿನ್ನಿನೊಡನೆ ಕೂಡಿ ಕಡುಗಪ್ಪಾಗುತ್ತಿತ್ತು. ಒದ್ದೆಯಾದ ಸೊಂಟಪಟ್ಟಿಯ ಮೇಲೆ ಕಬ್ಬಿಣದ ಮೊಳೆ ಬಿದ್ದಿದ್ದರೆ ಇಂದಿಗೂ ಅದೇ ಕಪ್ಪು ಕಲೆ ಉಳಿಯುತ್ತದೆ, ತೊಗಲು ತೊಗಟೆಯಲ್ಲಿ ಹದಗೊಂಡದ್ದೆನ್ನುವುದಕ್ಕೆ ಅದೊಂದು ಕುರುಹು.

ದನ, ಎಮ್ಮೆಗಳ ದಪ್ಪ ಚರ್ಮವನ್ನು ಎಂಟು ದಿನ ಸುಣ್ಣದ ನೀರಿನಲ್ಲಿಟ್ಟು, ಬಳಿಕ ತಂಗಡಿಯ ಕಡ್ಡಿಗಳ ನೀರಿನಲ್ಲಿ ನಾಲ್ಕು ದಿನ, ಮತ್ತೆ ಹೊಸ ಕಡ್ಡಿಯ ನೀರಿನಲ್ಲಿ ನಾಲ್ಕು ದಿನ ನೆನೆಸುತ್ತಿದ್ದರೆಂದು ತಿಳಿಸುವ ಬುಕಾನನ್ ಆ ತೊಗಲು ಬಲು ಕೀಳೆಂದು ತೀರ್ಪು ಕೊಡುತ್ತಾನೆ. ಸುಲಿಯದ ಕಡ್ಡಿಯಲ್ಲಿ ತೊಗಟೆಯ ಪಾಲು ಕಡಿಮೆ, ಎಂಟು ದಿನದಲ್ಲಿ ಅಷ್ಟು ದಪ್ಪದ ಚರ್ಮದ ನಡುವಿಗೆ ಟ್ಯಾನಿನ್ ತಲಪುವುದೂ ಕಷ್ಟ, ಹಾಗಾಗಿ ಆ ತೀರ್ಪು ತಪ್ಪಿರಲಾರದು. ಆದರೆ ಕೆರ, ಮಿಣಿ, ಬಾರುಕೋಲು, ಕಪಿಲೆಯ ಬಾನಿಗಳನ್ನು ಒದಗಿಸಿ, ಸವೆದಂತೆಲ್ಲ ಸರಿಪಡಿಸಿಕೊಟ್ಟು, ಸುಗ್ಗಿಯಲ್ಲಿ ಧಾನ್ಯದ ಆಯ ಪಡೆಯುತ್ತಿದ್ದ ವ್ಯವಸ್ಥೆಯಲ್ಲಿ ಒಂದು ತಲೆಮಾರು ಬಾಳುವ ತೊಗಲಿಗಾಗಿ ತಿಂಗಳುಗಟ್ಟಲೆ ಕಾಯಲು ಬೇಕಾದ ತೊಟ್ಟಿ, ಬಂಡವಾಳಗಳು ಅಸ್ಪೃಶ್ಯತೆಯ ಹೊರೆ ಹೊತ್ತ ಆ ಕುಟುಂಬಗಳಿಗೆ ಎಟುಕುವಂತಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಜೀನಿನ ತೊಗಲಿಗೆ ಬೇಕಾದುದು ಆ ಕಾಯುವಿಕೆಯೇ. ಮೊದಲಿಗೇ ಗಟ್ಟಿ ಕಷಾಯಕ್ಕೆ ಹಾಕಿದರೆ ಮೇಲ್ಪದರ ಬೇಗ ಬಿಗಿದುಕೊಂಡು ಒಳಗಿನ ದಾರಿ ಮುಚ್ಚುವುದರಿಂದ, ಹಳೆಯ ಸಪ್ಪೆ ನೀರಿನಿಂದ ತೊಡಗಿ ಒಂದೊಂದೇ ತೊಟ್ಟಿ ದಾಟಿಸುತ್ತ ಕಡುವಾದ ಕಷಾಯಕ್ಕೆ ಒಯ್ಯಬೇಕಾಗುತ್ತದೆ. ಅಂಚನ್ನು ಕತ್ತರಿಸಿ ನೋಡಿದಾಗ ಮೇಲಿನಿಂದ ಕೆಳಗಿನವರೆಗೆ ಒಂದೇ ಕಂದು ಬಣ್ಣವಿದ್ದರೆ ಹದ ಪೂರ್ಣ. ನಡುವೆ ಬಿಳಿಚಿದ ಗೆರೆಯಿದ್ದರೆ ಅಲ್ಲಿ ಇನ್ನೂ ಹಸಿ ಚರ್ಮವೇ ಉಳಿದಿದ್ದು, ಮಡಿಚಿದಾಗ ಬಿರಿಯುವುದು ಅಲ್ಲಿಂದಲೇ. ಬೆನ್ನಿನ ಭಾಗದಲ್ಲಿ ನಾರುಗಳ ಹೆಣಿಗೆ ದಟ್ಟ, ಹೊಟ್ಟೆಯ ಭಾಗದಲ್ಲಿ ಸಡಿಲ. ಹೀಗಾಗಿ ಜೀನಿಗೂ ಪಟ್ಟಿಗೂ ಬೆನ್ನಿನ ತೊಗಲನ್ನೇ ಆರಿಸುತ್ತಾರೆ. ಹದವಾದ ಮೇಲೆ ಎಣ್ಣೆ ಅಥವಾ ಕೊಬ್ಬನ್ನು ಊಡಿಸುವುದರಿಂದ ನಾರುಗಳು ಒಂದರ ಮೇಲೊಂದು ಜಾರುವಂತಾಗಿ ತೊಗಲು ಬಳುಕುತ್ತದೆ. ನೀರು ಸವರಿ ಒತ್ತಿದ ಅಚ್ಚು ಒಣಗಿದ ಮೇಲೂ ಹಾಗೆಯೇ ನಿಲ್ಲುವುದು ಈ ತೊಗಲಿನ ವಿಶೇಷ ಗುಣ. ಕ್ರೋಮಿಯಂ ಲವಣದಿಂದ ಒಂದೆರಡು ದಿನದಲ್ಲೇ ಹದಗೊಳ್ಳುವ, ಇಂದಿನ ಮಾರುಕಟ್ಟೆಯ ಬಹುಪಾಲನ್ನು ಆವರಿಸಿರುವ ಕ್ರೋಮ್ ತೊಗಲಿನಲ್ಲಿ ಅಚ್ಚು ಅಷ್ಟು ಸ್ಪಷ್ಟವಾಗಿ ನಿಲ್ಲುವುದಿಲ್ಲ. 

ತಂಗಡಿಗೆ ಒಂದು ದೌರ್ಬಲ್ಯವೂ ಉಂಟು. ಅದರ ಟ್ಯಾನಿನ್ ಸಾಂದ್ರಿತ ಎಂಬ ವರ್ಗಕ್ಕೆ ಸೇರಿದ್ದು, ಬೆಳಕಿಗೆ ಕೆಂಪಾಗುತ್ತದೆ. ಅದರಲ್ಲಿ ಹದಗೊಂಡ ತೊಗಲು ಗಾಳಿಯಲ್ಲಿನ ಗಂಧಕದ ಆಕ್ಸೈಡುಗಳನ್ನು ಹೀರಿಕೊಂಡು ಆಮ್ಲೀಯವಾಗಿ, ಕೊನೆಗೆ ಕೆಂಪು ಪುಡಿಯಾಗಿ ಉದುರುತ್ತದೆ. ಪುಸ್ತಕದ ಹೊದಿಕೆಗಳು ಹಾಳಾಗುತ್ತಿರುವ ಬಗೆಯನ್ನು ಪರಿಶೀಲಿಸಿದ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನ ಸಮಿತಿ 1901ರ ವರದಿಯಲ್ಲಿ, ತಂಗಡಿಯಲ್ಲಿ ಹದಗೊಂಡು ಭಾರತದಿಂದ ಬರುತ್ತಿದ್ದ ತೆಳು ತೊಗಲುಗಳನ್ನು ಪುಸ್ತಕಕ್ಕೆ ತಕ್ಕವಲ್ಲವೆಂದು ತಳ್ಳಿಹಾಕಿತು. ಅಳಲೆಕಾಯಿಯ ಟ್ಯಾನಿನ್ ನೀರಿನಲ್ಲಿ ವಿಭಜನೆಗೊಳ್ಳಬಲ್ಲ ಇನ್ನೊಂದು ವರ್ಗದ್ದು, ಈ ಬಗೆಯ ಸವೆತಕ್ಕೆ ಸುಲಭವಾಗಿ ಬಗ್ಗದು. ತಂಗಡಿಯಲ್ಲಿ ಹದಗೊಂಡ ತೊಗಲನ್ನು ಕಡೆಯಲ್ಲಿ ಅಳಲೆಕಾಯಿಯ ನೀರಿನಲ್ಲಿ ಅದ್ದುವ ರೂಢಿ ದಕ್ಷಿಣದ ಹದಗಾರರಲ್ಲಿತ್ತು. ಇದರಿಂದ ತೊಗಲಿನ ಬಣ್ಣ ತಿಳಿಯಾಗುವುದರ ಜೊತೆಗೆ ಬೆಳಕಿಗೆ ಕೆಂಪೇರುವುದೂ ತಗ್ಗುತ್ತದೆ.